ಸಂಜೆಗೆ ಬೀಳುವ ರೆಪ್ಪೆ

ನನ್ನ ಎಡಗಣ್ಣಿನ ರೆಪ್ಪೆ ಮೊದಲು ಬಿದ್ದದ್ದು ಕಲ್ಯಾಣದುರ್ಗದಲ್ಲಿ, ಗಂಡನ ಮನೆಯ ಮಗ್ಗದ ಮುಂದೆ. ಬಿದ್ದದ್ದು ಅಂದರೆ ದೊಡ್ಡ ಸಂಗತಿಯೇನಲ್ಲ. ಅಂಗಡಿಯವನು ಮಧ್ಯಾಹ್ನ ಊಟಕ್ಕೆ ಹೋಗುವಾಗ ಶಟರನ್ನು ಅರ್ಧಕ್ಕೆ ಎಳೆದು ಹೋಗುತ್ತಾನಲ್ಲ, ಹಾಗೆ. ನೋವಿಲ್ಲ, ಉರಿಯಿಲ್ಲ, ಕಣ್ಣಲ್ಲಿ ನೀರಿಲ್ಲ. ನೋವಾದರೂ ಇದ್ದಿದ್ದರೆ ಯಾರಾದರೂ ನಂಬುತ್ತಿದ್ದರೇನೋ. ಹೆಂಗಸಿಗೆ ಕಾಯಿಲೆ ಅಂದರೆ ಅವಳು ನರಳಬೇಕು, ಮೂಲೆಯಲ್ಲಿ ಮುದುಡಿಕೊಳ್ಳಬೇಕು, ಅನ್ನ ಬೇಡ ಅನ್ನಬೇಕು. ನಾನು ಎರಡು ಹೊತ್ತು ಮುದ್ದೆ ತಿಂದುಕೊಂಡು ಗಟ್ಟಿಯಾಗಿ ಓಡಾಡುತ್ತಿದ್ದೆ. ಸಂಜೆಯಾದರೆ ಮಾತ್ರ ಒಂದು ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು.

ಹುಟ್ಟಿದ್ದು ಹಿಂದೂಪುರದ ನೇಕಾರರ ಮನೆಯಲ್ಲಿ, ಸೇರಿದ್ದು ಕಲ್ಯಾಣದುರ್ಗದ ನೇಕಾರರ ಮನೆಯನ್ನು. ಅಲ್ಲೂ ಮಗ್ಗ, ಇಲ್ಲೂ ಮಗ್ಗ. ಅಲ್ಲೂ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು, ಇಲ್ಲೂ ಹಾಗೇ. ಹುಡುಗಿ ಹೊಸದಾಗಿ ಕಲಿಯುವುದೇನೂ ಇಲ್ಲ ಅಂತ ಎರಡೂ ಕಡೆಯವರು ಖುಷಿಪಟ್ಟರು. ಗಂಡ ರೇಷ್ಮೆ ಸೀರೆ ನೇಯುತ್ತಿದ್ದ, ನಾನು ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಕೂಡಿಸುತ್ತಿದ್ದೆ. ಮಗ್ಗದಲ್ಲಿ ಒಂದು ಹಾಸು ಮುಗಿದು ಹೊಸ ಹಾಸು ಏರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಇಟ್ಟು, ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಒಂದೊಂದೇ ಎಳೆ, ಸಾವಿರಾರು ಎಳೆ. ನಮ್ಮಲ್ಲಿ ಅದು ಹೆಂಗಸರ ಕೆಲಸ. ನನಗೆ ಅದರಲ್ಲಿ ಒಳ್ಳೆಯ ಹೆಸರಿತ್ತು. ನಾನು ಕೂಡಿಸಿದ ಹಾಸಿನಲ್ಲಿ ಎಳೆ ಕಿತ್ತು ಬಂದದ್ದಿಲ್ಲ ಅಂತ ಅತ್ತೆಯೇ ನೆರೆಯವರ ಮುಂದೆ ಹೇಳಿದ್ದುಂಟು. ನನ್ನ ಮುಂದೆ ಹೇಳಿದ್ದಿಲ್ಲ, ಅದು ಬೇರೆ ಮಾತು.

ಆ ಮನೆಯಲ್ಲಿ ನನಗೆ ಇಷ್ಟವಾಗಿದ್ದು ಮಗ್ಗದ ಕೋಣೆಯೇ. ಗಂಡನಿಗೆ ಜನರನ್ನು ಅಣಕಿಸುವ ಚಟ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ನೇಯುತ್ತಲೇ ಸೀರೆ ವ್ಯಾಪಾರಿಯ ಕೆಮ್ಮು, ಬೀದಿಯ ಕಡೆಯ ಮನೆಯವರ ನಡಿಗೆ, ತನ್ನ ತಾಯಿಯ ಗೊಣಗಾಟ ಎಲ್ಲವನ್ನೂ ಮೆಲ್ಲಗೆ ಮಾಡಿ ತೋರಿಸುತ್ತಿದ್ದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಮಕ್ಕಳಿರಲಿಲ್ಲ, ಅದಕ್ಕೂ ಒಂದು ಕಥೆಯಿದೆ, ಇಲ್ಲಿ ಬೇಡ. ಇಷ್ಟಾದರೂ ಅದು ನನ್ನ ಮನೆ ಅಂತ ನನಗೆ ಅನ್ನಿಸಿತ್ತು. ಮುಂದೆ ಏನೇನು ಆಯಿತೋ ಅದೆಲ್ಲ ಆದದ್ದು ಆ ಮನೆಗೆ ವಾಪಸ್ಸು ಹೋಗಬೇಕು ಅನ್ನುವ ನನ್ನ ಒಂದೇ ಆಸೆಯ ಸುತ್ತ.

ಮೊದಮೊದಲು ರೆಪ್ಪೆ ಬೀಳುತ್ತಿತ್ತು ಅಷ್ಟೇ. ಆಮೇಲೆ ಒಂದು ಸಂಜೆ, ಹಾಸು ಕೂಡಿಸುತ್ತಾ ಕೂತಿದ್ದಾಗ, ಒಂದು ಎಳೆ ಎರಡಾಯಿತು. ಕೈಹಾಕಿದರೆ ಅಲ್ಲಿ ಎಳೆ ಇಲ್ಲ, ಪಕ್ಕದಲ್ಲಿದೆ. ಇಲ್ಲದ ಎಳೆಯನ್ನು ಹೊಸೆಯುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಒಂದು ಕಣ್ಣನ್ನು ಕೈಯಿಂದ ಮುಚ್ಚಿದರೆ ಎಳೆ ಒಂದೇ ಆಗಿ ಸರಿಯಾಗುತ್ತಿತ್ತು. ಆದರೆ ಈ ಕೆಲಸಕ್ಕೆ ಎರಡೂ ಕೈ ಬೇಕು. ಕೊನೆಗೆ ಕರವಸ್ತ್ರ ಮಡಿಸಿ ಒಂದು ಕಣ್ಣಿಗೆ ಕಟ್ಟಿಕೊಂಡು ಕೂಡಿಸಿದೆ. ಅಂಚಿನ ಹತ್ತಿರ ಹಸಿರು ಎಳೆ, ಕೆಂಪು ಎಳೆ ಅದಲುಬದಲಾದವು. ನೇಯ್ದ ಮೇಲೆ ಸೀರೆಯ ಉದ್ದಕ್ಕೂ ಗೀರು ಬಿತ್ತು.

ಅತ್ತೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದಳು, ನನ್ನನ್ನು ನೋಡಿದಳು.

"ಒಂದ್ ಕಣ್ಣು ಮುಚ್ಕೊಂಡು ಕೆಲ್ಸ ಮಾಡಿದ್ರೆ ಇನ್ನೇನಾಯ್ತದೆ? ನಾನು ಪೊರೆ ಬಂದ ಕಣ್ಣಾಗೆ ವರ್ಸಗಟ್ಲೆ ಕೂಡ್ಸಿವ್ನಿ ಕಣಮ್ಮ. ಒಂದ್ ಎಳೆ ತಪ್ಪಿಲ್ಲ."

"ಸಂಜೆ ಆದ್ರೆ ಕಣ್ಣು ನಿಲ್ಲಲ್ಲ ಅತ್ತೆ. ಎರಡೆರಡು ಕಾಣ್ತದೆ."

"ಬೆಳಿಗ್ಗೆ ಸರಿಗಿರೋದು ಸಂಜೀಕೆ ಕೆಡಾಕೆ ಅದೇನು ಹಾಲಾ?"

ಗಂಡ ನಕ್ಕ. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಮಾತು ಹಾಗಿತ್ತು. ಆದರೆ ಆ ಮಾತು ಆಮೇಲೆ ಮನೆಯಿಂದ ಬೀದಿಗೆ ಹೋಯಿತು, ಬೀದಿಯಿಂದ ಬಾವಿಕಟ್ಟೆಗೆ ಹೋಯಿತು. ಹಾಲಿನ ಕಣ್ಣಿನವಳು ಅಂತ ನನಗೆ ಹೆಸರು ಬಿತ್ತು. ಹೆಸರಿಟ್ಟವರಿಗೆ ಬೇಜಾರಾಗುವವರೆಗೂ ಅದು ನಡೆಯಿತು.

ಕಲ್ಯಾಣದುರ್ಗದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಗಂಡ. ಹೋದದ್ದು ಬೆಳಿಗ್ಗೆ. ನೇಕಾರರು ಡಾಕ್ಟರ ಹತ್ತಿರ ಹೋಗುವುದೇ ಬೆಳಿಗ್ಗೆ. ಮೊದಲ ಚೀಟಿ ತಗೊಂಡು, ತೋರಿಸಿಕೊಂಡು, ಬಿಸಿಲೇರುವ ಮುಂಚೆ ಮಗ್ಗಕ್ಕೆ ವಾಪಸ್ಸಾಗಬೇಕು. ಬೆಳಿಗ್ಗೆ ನನ್ನ ಎರಡು ಕಣ್ಣೂ ಮದುಮಗಳ ಕಣ್ಣಿನ ಹಾಗೆ ಅರಳಿಕೊಂಡಿದ್ದವು. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಗೋಡೆಯ ಅಕ್ಷರ ಓದಿಸಿದರು. "ಏಂ ಲೇದಮ್ಮಾ, ಕಳ್ಳು ಬಾಗುನ್ನಾಯಿ" ಅಂದರು. ಏನೂ ಇಲ್ಲ, ಕಣ್ಣು ಚೆನ್ನಾಗಿವೆ. ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅಂತಲೋ ಏನೋ ಒಂದು ಕನ್ನಡಕ ಬರೆದುಕೊಟ್ಟರು. ಹಾಕಿಕೊಂಡೆ. ಸಂಜೆಗೆ ಕನ್ನಡಕದ ಹಿಂದೆ ರೆಪ್ಪೆ ಬಿತ್ತು.

ಫೋಟೋ ತೆಗೆದು ತೋರಿಸಬಹುದಿತ್ತಲ್ಲ ಅಂತ ಈಗ ಎಲ್ಲರೂ ಕೇಳುತ್ತಾರೆ. ತೆಗೆದಿದ್ದೆ. ಗಂಡನ ಫೋನಿನಲ್ಲಿ ನಾನೇ ತೆಗೆದುಕೊಂಡೆ. ಮುಂದಿನ ಸಲ ಡಾಕ್ಟರಿಗೆ ತೋರಿಸಿದರೆ ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಕ್ಲಿಕ್ ಆಗುವ ಹೊತ್ತಿಗೆ ಕಣ್ಣು ಮಿಟುಕಿಸಿದ್ದೀರಿ ಅಷ್ಟೇ ಅಂದರು. ಬಿದ್ದ ರೆಪ್ಪೆಗೂ ಹೊಡೆದ ಕಣ್ಣಿಗೂ ಫೋಟೋದಲ್ಲಿ ವ್ಯತ್ಯಾಸವಿಲ್ಲ. ಅತ್ತೆ ಆ ಫೋಟೋ ನೋಡಿದಾಗ ಡಾಕ್ಟರಷ್ಟು ಮರ್ಯಾದೆಯಾಗಿಯೂ ಮಾತಾಡಲಿಲ್ಲ. "ಯಾರಿಗೆ ಸನ್ನೆ ಮಾಡಾಕೆ ತೆಗ್ಸ್ಕೊಂಡ್ಳೋ" ಅಂದಳು. ಆ ರಾತ್ರಿ ಗಂಡ ಫೋಟೋ ಅಳಿಸಿಹಾಕಿದ.

ಅಮ್ಮ ಫೋನಿನಲ್ಲಿ ಅತ್ತು ಕರೆದಳು. ನಾಲ್ಕು ದಿನ ಇದ್ದು ಬರುತ್ತೇನೆ ಅಂತ ಹಿಂದೂಪುರಕ್ಕೆ ಹೊರಟೆ. ಕಲ್ಯಾಣದುರ್ಗದಿಂದ ಪಾವಗಡಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಿಸಿಗಾಳಿಗೆ ಕಣ್ಣು ಮುಚ್ಚಿಕೊಂಡು ಕೂತವಳು ಹಿಂದೂಪುರ ಹತ್ತಿರವಾಗಿ ಪರಿಗಿ ದಾಟಿದ ಮೇಲೆ ತೆರೆದೆ. ಕಣ್ಣು ಸರಿಯಾಗಿತ್ತು. ತವರಿನಲ್ಲಿ ಮಗ್ಗದ ಕೆಲಸ ಮಾಡಲು ಬಿಡಲಿಲ್ಲ; ಉಂಡು ಮಲಗು, ಎದ್ದು ಉಣ್ಣು ಅಂದರು. ಸಂಜೆಗೆ ರೆಪ್ಪೆ ಸ್ವಲ್ಪ ಜೋಲುತ್ತಿತ್ತು ಅಷ್ಟೇ. ವಾಸಿಯಾಯಿತು ಅಂದುಕೊಂಡು ವಾಪಸ್ಸು ಹೋದೆ. ಅಲ್ಲಿ ಒಂದು ಹಾಸು ಕೂಡಿಸುವಷ್ಟರಲ್ಲಿ ಮತ್ತೆ ಶಟರು ಇಳಿಯಿತು.

ಇಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ದಣಿದರೆ ಬೀಳುವ ರೆಪ್ಪೆ, ವಿಶ್ರಾಂತಿ ಸಿಕ್ಕರೆ ಏಳುವ ರೆಪ್ಪೆ. ಇದನ್ನು ಕಾಯಿಲೆಯ ಲಕ್ಷಣ ಅಂತ ಹೇಳುವವರು ಯಾರೂ ಇರಲಿಲ್ಲ. ಅತ್ತೆಯ ಲೆಕ್ಕಾಚಾರವೇ ಎಲ್ಲರಿಗೂ ಸರಿ ಕಂಡಿತು.

"ತಾಯಿ ಮನೆಯಾಗೆ ತೆರ್ಕೊಳ್ಳೋ ಕಣ್ಣು ಗಂಡನ್ ಮನೆಯಾಗೆ ಮುಚ್ಕೊತದೆ ಅಂದ್ರೆ ಅದು ಕಣ್ಣಿನ್ ಕಾಯ್ಲೆ ಅಲ್ಲ ಕಣಪ್ಪ. ಮೈಗಳ್ಳತನ."

ಎಲ್ಲರನ್ನೂ ಅಣಕಿಸುವ ಗಂಡ ಆ ದಿನ ನನ್ನನ್ನು ಅಣಕಿಸಿದ. ಒಂದು ರೆಪ್ಪೆ ಇಳಿಬಿಟ್ಟು, ತಲೆ ಹಿಂದಕ್ಕೆ ವಾಲಿಸಿ, ಎಳೆ ಹುಡುಕುತ್ತಾ ಗಾಳಿಯಲ್ಲಿ ಬೆರಳಾಡಿಸಿದ. ಎಷ್ಟು ಚೆನ್ನಾಗಿ ಮಾಡಿದ ಅಂದರೆ, ಅವನಿಗೆ ಇಷ್ಟು ಸುಲಭವಾಗಿ ಬರುವುದು ನನಗೂ ಬರಬಹುದು ಅಂತ ಅಲ್ಲಿದ್ದವರಿಗೆಲ್ಲ ಖಾತ್ರಿಯಾಯಿತು. ನನ್ನ ಎದೆ ಉರಿದುಹೋಯಿತು. ಇನ್ನೊಂದು ಗೀರು ಬಿದ್ದ ಸೀರೆ, ಇನ್ನೊಂದು ಜಗಳ, ಆಮೇಲೆ ಅವನೇ ಬಸ್ಸಿನಲ್ಲಿ ಕರೆತಂದು ತವರಿನ ಬಾಗಿಲಲ್ಲಿ ಬಿಟ್ಟು, "ನೆಟ್ಟಗಾದ್ಮೇಲೆ ಫೋನ್ ಮಾಡು, ಬತ್ತೀನಿ" ಅಂತ ಹೇಳಿ ಹೋದ. ನೀರು ಕೂಡ ಕುಡಿಯಲಿಲ್ಲ.

ನನಗೆ ಈಗ ಬೇಕಾದದ್ದು ಒಂದೇ. ಯಾರಾದರೂ ಓದಿದವರು, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡವರು, ಇವಳು ನಾಟಕ ಆಡುತ್ತಿಲ್ಲ ಅಂತ ಒಂದು ಮಾತು ಹೇಳಬೇಕು. ಆ ಮಾತು ಹಿಡಿದುಕೊಂಡು ಕಲ್ಯಾಣದುರ್ಗಕ್ಕೆ ಹೋಗಿ ಅತ್ತೆಯ ಮುಂದೆ ನಿಲ್ಲಬೇಕು. ಗುಣವಾಗಬೇಕು ಅಂತಲೂ ಅಷ್ಟು ಆಸೆಯಿರಲಿಲ್ಲ. ಕಾಯಿಲೆ ಅಂತ ಸಾಬೀತಾದರೆ ಸಾಕಾಗಿತ್ತು.

ಆದರೆ ನಮ್ಮಮ್ಮ ಇದ್ದಳಲ್ಲ. ನೇಕಾರರ ಮನೆಗಳಲ್ಲಿ ಕಣ್ಣಿಗೆ ತಂಪು ಹಾಕುವುದು ದಿನನಿತ್ಯದ ವಾಡಿಕೆ. ಜರಿ ನೋಡಿ ನೋಡಿ ಕಣ್ಣು ಉರಿಯುತ್ತದೆ. ಸಂಜೆ ಮಗ್ಗದಿಂದ ಎದ್ದ ಕೂಡಲೇ ಹಳೆಯ ತೆಳು ಮಲ್ಲು ಬಟ್ಟೆಯನ್ನು ಮಡಕೆಯ ನೀರಿಗೆ ಅದ್ದಿ ಕಣ್ಣಿನ ಮೇಲೆ ಹಾಕಿಕೊಂಡು ಮಲಗುತ್ತಾರೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಪದ್ಧತಿ. ಇದರ ಜೊತೆಗೆ ಅಮ್ಮನಿಗೆ ಇನ್ನೊಂದು ನಂಬಿಕೆ. ಡಾಕ್ಟರ ಮುಂದೆ ಹೋಗುವಾಗ ಲಕ್ಷಣವಾಗಿ ಹೋಗಬೇಕು. "ಜೋಲು ಮುಖ ಹಾಕ್ಕೊಂಡು ಹೋದ್ರೆ ಇಲ್ದಿರೋ ಕಾಯ್ಲೆ ಎಲ್ಲಾ ಅಂಟುಸ್ತಾರೆ ಕಣೇ" ಅನ್ನುತ್ತಿದ್ದಳು. ಹಾಗಾಗಿ ಹಿಂದೂಪುರದಲ್ಲಿ ಸಂಜೆ ಹೊತ್ತು ಯಾವ ಆಸ್ಪತ್ರೆಗೆ ಹೋದರೂ ಅಮ್ಮನ ಚೀಲದಲ್ಲಿ ಆ ಮಲ್ಲು ಬಟ್ಟೆ ಇರುತ್ತಿತ್ತು. ದಾರಿಯಲ್ಲಿ ಸೋಡಾ ಅಂಗಡಿಯಲ್ಲಿ ಒಂದು ಹೆಂಟೆ ಐಸು ಕೇಳಿ ತಗೊಂಡು ಬಟ್ಟೆಯೊಳಗೆ ಸುತ್ತುತ್ತಿದ್ದಳು. ಬೆಂಚಿನ ಮೇಲೆ ನನ್ನ ತಲೆ ಹಿಂದಕ್ಕೆ ಒರಗಿಸಿ ಕಣ್ಣಿನ ಮೇಲೆ ಇಟ್ಟರೆ ನರ್ಸು ಹೆಸರು ಕೂಗುವವರೆಗೂ ತೆಗೆಯುತ್ತಿರಲಿಲ್ಲ. ಕೂಗಿದ ಕೂಡಲೇ ಬಟ್ಟೆ ಚೀಲಕ್ಕೆ, ಸೆರಗಿನಲ್ಲಿ ನನ್ನ ಮುಖ ಒರೆಸಿ, ಕುಂಕುಮ ತಿದ್ದಿ, "ಈಗ್ ನೋಡು, ಎಷ್ಟು ಚೆನ್ನಾಗವ್ಳೆ" ಅಂತ ಒಳಗೆ ತಳ್ಳುತ್ತಿದ್ದಳು.

ನಾನು ಚೆನ್ನಾಗಿಯೇ ಇರುತ್ತಿದ್ದೆ. ಅದೇ ತೊಂದರೆ. ಡಾಕ್ಟರು ಇರುವುದು ಐದು ನಿಮಿಷ, ನಾನು ಚೆನ್ನಾಗಿರುವುದೂ ಅಷ್ಟೇ ಹೊತ್ತು. ಹೊರಗೆ ಬಂದು ಔಷಧಿ ಅಂಗಡಿಯ ಮುಂದೆ ನಿಂತಾಗ ರೆಪ್ಪೆ ಮತ್ತೆ ಇಳಿಯುತ್ತಿತ್ತು. "ನೋಡಿದ್ಯಾ, ತಂಪು ಇಟ್ಟಿದ್ದಕ್ಕೇ ಅಷ್ಟೊತ್ತು ನಿಂತಿತ್ತು" ಅಂತ ಅಮ್ಮ ಹೆಮ್ಮೆಪಡುತ್ತಿದ್ದಳು.

ಒಬ್ಬ ಡಾಕ್ಟರು ವಿಟಮಿನ್ನು ಕೊಟ್ಟರು. ಇನ್ನೊಬ್ಬರು ಅಮ್ಮನನ್ನು ಹೊರಗೆ ಕಳಿಸಿ, ಗಂಡನ ಮನೆಯಲ್ಲಿ ಏನಾದರೂ ತೊಂದರೆಯಾ, ಮನಸ್ಸಿಗೆ ಬೇಸರವಾ ಅಂತ ಮೆತ್ತಗೆ ಕೇಳಿದರು. ತೊಂದರೆ ಕಣ್ಣಿನದು ಸಾರ್, ಅದರಿಂದ ಬೇಸರ ಅಂದೆ. ಅವರಿಗೆ ಅದು ತಿರುಗಾಮುರುಗಾ ಕೇಳಿಸಿತು. ನಿದ್ದೆ ಮಾತ್ರೆ ಬರೆದರು. ಅದನ್ನು ನುಂಗಿದ ದಿನಗಳಲ್ಲಿ ಎರಡೂ ರೆಪ್ಪೆ ಬೀಳುತ್ತಿದ್ದವು, ಇಡೀ ನಾನೇ ಬೀಳುತ್ತಿದ್ದೆ. ಕಲ್ಯಾಣದುರ್ಗಕ್ಕೆ ಫೋನ್ ಮಾಡಿ ಡಾಕ್ಟರು ಹೀಗಂದರು ಅಂತ ಹೇಳುವ ಮುಖವೂ ನನಗೆ ಉಳಿಯಲಿಲ್ಲ. ಏನಂತ ಹೇಳುವುದು? ಓದಿದವರೂ ಅತ್ತೆಯ ಮಾತನ್ನೇ ಒಪ್ಪಿದರು ಅಂತಲೇ?

ಸೋಮಂದೇಪಲ್ಲಿಯ ಕಡೆ ಒಬ್ಬ ದೃಷ್ಟಿ ತೆಗೆಯುವವನಿದ್ದಾನೆ ಅಂತ ಅಮ್ಮ ಅಲ್ಲಿಗೂ ಎಳೆದುಕೊಂಡು ಹೋದಳು. ಅವನು ಕೂರುವುದೇ ದೀಪ ಹಚ್ಚುವ ಹೊತ್ತಿಗೆ. ಅಲ್ಲಿಗೆ ಹೋಗುವಾಗ ಐಸು ಬೇಕಾಗಿಲ್ಲ ಅಂತ ಅಮ್ಮನಿಗೆ ಅನ್ನಿಸಿತ್ತು, ಮಂತ್ರದವನ ಮುಂದೆ ಲಕ್ಷಣ ಯಾಕೆ ಅಂತ. ಅವನು ನನ್ನ ಮುಖಕ್ಕೆ ದೀಪ ಹಿಡಿದು, "ಎಡಗಣ್ಣು ಬಿದ್ದೋಗೈತಲ್ಲಮ್ಮ" ಅಂದ. ಎಂಬಿಬಿಎಸ್ಸು, ಎಂಡಿ ಓದಿದವರಿಗೆ ಕಾಣದ್ದು ನಿಂಬೆಹಣ್ಣಿನವನಿಗೆ ಕಂಡಿತು. ಬೇರೇನೂ ಅಲ್ಲ, ಅವನು ನೋಡಿದ್ದು ಸಂಜೆ, ಅದೂ ಐಸು ಇಡದ ಕಣ್ಣನ್ನು. ನಿಂಬೆಹಣ್ಣು ಇಳಿಸಿದ, ತಾಯಿತ ಕಟ್ಟಿದ, ಯಾರೋ ನಿನ್ನ ಕೈಕೆಲಸ ನೋಡಿ ಹೊಟ್ಟೆ ಉರಿದುಕೊಂಡಿದ್ದಾರೆ ಅಂದ. ಆ ಮಾತು ಕೇಳಿ ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ಹೊಗಳಿಕೆ ಕೇಳಿ ಬಹಳ ಕಾಲವಾಗಿತ್ತು.

ಹಿಂದೂಪುರದ ಒಂದು ನರ್ಸಿಂಗ್ ಹೋಮಿಗೆ ಊರಾಚೆಯಿಂದ ನರದ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಬರುವುದು ಸಂಜೆ, ಅದೂ ತಡವಾಗಿ. ನಮ್ಮಣ್ಣ ತನ್ನ ಬೆನ್ನುನೋವಿಗೆ ಅವರ ಹತ್ತಿರ ಚೀಟಿ ಮಾಡಿಸಿದ್ದ. ಅವನಿಗೆ ಅವತ್ತು ಬರಲಾಗದೆ ನನ್ನನ್ನು ಕಳಿಸಿದ. ಅಂದರೆ ನನ್ನ ಕಾಯಿಲೆ ಸಿಕ್ಕಿದ್ದು ಅಣ್ಣನ ಬೆನ್ನಿನ ಪುಣ್ಯದಿಂದ.

ಕಾಯುವ ಜಾಗ ತುಂಬಿ ತುಳುಕುತ್ತಿತ್ತು. ನಾನು ಅಂದು ಮಧ್ಯಾಹ್ನವೆಲ್ಲ ಅಮ್ಮನ ಕಣ್ಣು ತಪ್ಪಿಸಿ ಮಗ್ಗದ ಹತ್ತಿರ ಕೂತು ಎಳೆ ಕೂಡಿಸಿದ್ದೆ, ಕೈ ಮರೆತುಹೋಗಿದೆಯೋ ಏನೋ ಅಂತ ನೋಡಲು. ರೆಪ್ಪೆ ಪೂರ್ತಿ ಮುಚ್ಚಿಕೊಂಡಿತ್ತು. ಡಾಕ್ಟರು ಕಾರಿನಿಂದಿಳಿದು ಒಳಗೆ ಹೋಗುವಾಗ ನಮ್ಮ ಬೆಂಚಿನ ಮುಂದೆಯೇ ಹಾದುಹೋದರು. ನನ್ನ ಕಡೆ ನೋಡಿದರು, ಒಂದು ಹೆಜ್ಜೆ ನಿಧಾನ ಮಾಡಿದರು, ಹೋದರು. ಅಮ್ಮ ಅಷ್ಟರಲ್ಲಿ ಐಸು ತರಲು ಹೋಗಿದ್ದಳು. ಬಂದು ಎಂದಿನಂತೆ ನನ್ನ ತಲೆ ಒರಗಿಸಿ ಬಟ್ಟೆ ಇಟ್ಟಳು.

ಹೆಸರು ಕೂಗಿದರು. ಬಟ್ಟೆ ಚೀಲಕ್ಕೆ ಹೋಯಿತು, ಮುಖ ಒರೆಸಿದ್ದಾಯಿತು, ಕುಂಕುಮ ತಿದ್ದಿದ್ದಾಯಿತು. ಒಳಗೆ ಹೋಗಿ ಕೂತೆ. ಡಾಕ್ಟರು ನನ್ನ ಮುಖ ನೋಡಿದರು. ಅವರು ಕರ್ನಾಟಕದ ಕಡೆಯವರು, ಕನ್ನಡದಲ್ಲೇ ಕೇಳಿದರು.

"ಈಗ ಹೊರಗಡೆ ಕೂತಿದ್ದವರು ನೀವೇ ಅಲ್ಲವಾ? ಆಗ ಈ ಕಣ್ಣು ಮುಚ್ಚಿತ್ತು."

ಯಾರೋ ನೋಡಿದ್ದರು. ಬೇಕಂತಲೇ ಅಲ್ಲ, ಹಾದುಹೋಗುವಾಗ ನೋಡಿದ್ದರು. ತಲೆಯಾಡಿಸಿದೆ.

"ಇಷ್ಟರಲ್ಲಿ ಏನು ಮಾಡಿದಿರಿ?"

ಅಮ್ಮ ಚೀಲವನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಮನೆಮದ್ದು ಮಾಡಿದ್ದೀರಾ ಅಂತ ಬೈಸಿಕೊಂಡು ಅಭ್ಯಾಸವಿತ್ತು ಅವಳಿಗೆ. "ಏನೂ ಮಾಡಿಲ್ಲ ಸ್ವಾಮಿ, ಸುಮ್ಕೆ ಕೂತಿದ್ವಿ" ಅಂದಳು. ಅವಳ ಚೀಲದಿಂದ ಐಸು ಕರಗಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಡಾಕ್ಟರು ನೆಲ ನೋಡಿದರು, ಅಮ್ಮನನ್ನು ನೋಡಿದರು. ಬೈಯಲಿಲ್ಲ. ಚೀಲದಲ್ಲಿ ಏನಿದೆ ತೋರಿಸಮ್ಮ ಅಂದರು. ಅಮ್ಮ ಒದ್ದೆ ಬಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಆ ಡಾಕ್ಟರ ಮುಖದಲ್ಲಿ ಏನು ಸಂತೋಷ ಅಂತೀರಿ! ಮಗುವಿಗೆ ಮಿಠಾಯಿ ಸಿಕ್ಕಷ್ಟು.

ನನ್ನನ್ನು ಮೇಲೆ ನೋಡುತ್ತಾ ಕೂರಿಸಿದರು, ರೆಪ್ಪೆ ಮಿಟುಕಿಸದೆ. ಸ್ವಲ್ಪ ಹೊತ್ತಿಗೇ ಎಡ ರೆಪ್ಪೆ ನಡುಗಿ ಇಳಿಯಿತು, ಬಲಗಡೆಯದೂ ಅಲುಗಾಡಿತು. ಹೊಸ ಐಸು ತರಿಸಿ ಕೈಗವಸಿನೊಳಗೆ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಇಟ್ಟರು. ತೆಗೆದರು. ಕಣ್ಣು ತೆರೆದುಕೊಂಡಿತು. ಜೊತೆಯಲ್ಲಿದ್ದ ಚಿಕ್ಕ ಡಾಕ್ಟರುಗಳನ್ನು ಕರೆದು, ನೋಡಿ ನೋಡಿ ಅಂತ ಇನ್ನೊಂದು ಸಲ ಮಾಡಿ ತೋರಿಸಿದರು. ಸಂಭ್ರಮವೋ ಸಂಭ್ರಮ. ನಾನು ಕಾಯಿಲೆಯವಳು ಅಂತ ತಿಳಿದು ಅಷ್ಟು ಜನ ಒಟ್ಟಿಗೆ ಖುಷಿಪಟ್ಟದ್ದು ಅದೇ ಮೊದಲು. ನನಗೂ ಖುಷಿಯಾಯಿತು. ಅಷ್ಟು ಕೆಟ್ಟುಹೋಗಿತ್ತು ನನ್ನ ಬಾಳು.

ಕಾಯಿಲೆಯ ಹೆಸರು ಮಯಸ್ತೇನಿಯಾ, ನಿಮ್ಮದು ಸದ್ಯಕ್ಕೆ ಕಣ್ಣಿಗಷ್ಟೇ ಬಂದಿರುವ ಬಗೆ ಅಂದರು. ನರ ಹೇಳಿದ ಮಾತನ್ನು ಸ್ನಾಯು ಕೇಳಿಸಿಕೊಳ್ಳುವ ಜಾಗದಲ್ಲಿ ನಿಮ್ಮ ಮೈಯನ್ನು ಕಾಯುವ ಶಕ್ತಿಯೇ ಅಡ್ಡ ಕೂತಿದೆ, ಮನೆಯವರನ್ನೇ ಕಳ್ಳರು ಅಂದುಕೊಂಡು ತಡೆಯುತ್ತಿದೆ ಅಂತ ಬಿಡಿಸಿ ಹೇಳಿದರು. ಕೆಲಸ ಮಾಡಿದಷ್ಟೂ ಸ್ನಾಯು ಸೋಲುತ್ತದೆ, ಬಿಡುವು ಸಿಕ್ಕರೆ ಏಳುತ್ತದೆ, ತಂಪು ತಾಗಿದರೂ ಏಳುತ್ತದೆ. ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಎದೆಯೊಳಗೆ ಒಂದು ಗ್ರಂಥಿ ಊದಿರಬಹುದು ಅಂತ ಸ್ಕ್ಯಾನು ಮಾಡಿಸಿದರು, ಅದು ಸರಿಯಿತ್ತು. ರಕ್ತದಲ್ಲಿ ಅವರು ಹೇಳಿದ್ದೇ ಬಂತು. ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ, ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ, ಮುಂದೆ ಗಂಟಲಿಗೆ ಕೈಕಾಲಿಗೆ ಇಳಿಯಬಹುದು, ಇಳಿಯದೆಯೂ ಇರಬಹುದು, ನುಂಗಲು ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ಕಾಯದೆ ಬನ್ನಿ ಅಂದರು.

ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಅಮ್ಮ ಕೇಳಿದಳು.

"ಅಂಗಾದ್ರೆ ಇಷ್ಟ್ ದಿನ ನಾನೇ ಮುಚ್ಚಿಟ್ನೇನೇ?"

ಇಲ್ಲಮ್ಮ ಅನ್ನಬೇಕಿತ್ತು, ಅನ್ನಲಿಲ್ಲ. ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಆ ಸಿಟ್ಟು ನ್ಯಾಯವಲ್ಲ ಅಂತ ಗೊತ್ತಿದ್ದೂ ಬಂದಿತ್ತು. ಎಷ್ಟು ಡಾಕ್ಟರು, ಎಷ್ಟು ಬೆಂಚು, ಎಷ್ಟು ಸಲ ಕುಂಕುಮ. ಯಾವ ಪರೀಕ್ಷೆಯಿಂದ ಕಾಯಿಲೆ ಗೊತ್ತಾಗುತ್ತದೋ ಅದೇ ಪರೀಕ್ಷೆಯನ್ನು ಪ್ರತಿ ಸಲವೂ ಬಾಗಿಲಾಚೆಯೇ ಮುಗಿಸಿ, ಗುರುತು ಒರೆಸಿ, ನನ್ನನ್ನು ಒಳಗೆ ಕಳಿಸಿದ್ದಳು ಅವಳು. ಪ್ರೀತಿಯಿಂದ ಮಾಡಿದ್ದಳು. ಪ್ರೀತಿಯಿಂದ ಮಾಡಿದ್ದನ್ನು ಬೈಯಲೂ ಆಗುವುದಿಲ್ಲ, ಅದು ಇನ್ನೂ ಕಷ್ಟ.

ಮಾತ್ರೆ ನುಂಗಿದ ಮೊದಲ ದಿನ ಹೊಟ್ಟೆ ನುಲಿದು ಭೇದಿಯಾಗಿ ಓಡಾಡಿದೆ. ಆದರೆ ಸಂಜೆಗೆ ರೆಪ್ಪೆ ಬೀಳಲಿಲ್ಲ. ಎಳೆ ಎರಡಾಗುವುದು ಪೂರ್ತಿ ಹೋಗದಿದ್ದರೂ ಕಡಿಮೆಯಾಯಿತು. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ನನ್ನ ಮುಖವನ್ನೇ ನೋಡುತ್ತಾ ನಿಂತೆ. ಗಂಡನಿಗೆ ಫೋನ್ ಮಾಡಿ, "ಗೊತ್ತಾಯ್ತು, ಬಾ" ಅಂದೆ. ಏನು ಗೊತ್ತಾಯಿತು ಅಂತ ಫೋನಿನಲ್ಲಿ ಹೇಳಲಿಲ್ಲ. ಎದುರಿಗೆ ಹೇಳಬೇಕಿತ್ತು ನನಗೆ. ಅವನ ಮುಖ ನೋಡಬೇಕಿತ್ತು.

ಅವನು ಬಂದ. ಹೂವು ತಂದಿದ್ದ. ಅಮ್ಮ ಕಾಫಿ ಕೊಟ್ಟಳು. ಈ ಸಲ ಕುಡಿದ. ಲೋಟ ಕೆಳಗಿಟ್ಟು, ನಾನು ಬಾಯಿ ತೆರೆಯುವ ಮುಂಚೆ ಅವನೇ ಶುರುಮಾಡಿದ.

"ಅಮ್ಮನ್ನ ಒಪ್ಸಿವ್ನಿ. ಬಾಳ ದಿನದಿಂದ ಹೇಳಿ ಹೇಳಿ ಒಪ್ಸಿವ್ನಿ. ನೀನು ಬಂದು ಒಂದ್ ಮಾತು ಹೇಳ್ಬುಡು. ಬೇಜಾರಾಗಿತ್ತು, ಅದ್ಕೇ ಅಂಗೆ ಆಡ್ದೆ ಅಂತ. ಅವ್ಳು ಏನೂ ಅನ್ನಲ್ಲ. ನಾನಂತೂ ಅನ್ನಲ್ಲ."

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ನಿಜವಾಗಲೂ ನನ್ನನ್ನು ಕ್ಷಮಿಸಲು ಬಂದಿದ್ದ, ಹೂವು ತಗೊಂಡು.

"ನಾನು ಆಡ್ಲಿಲ್ಲ" ಅಂದೆ. "ಕಾಯ್ಲೆ. ರಕ್ತದಾಗೆ ಸಿಕ್ತು. ಡಾಕ್ಟ್ರು ಕಣ್ಣಾರೆ ನೋಡಿದ್ರು." ಎಲ್ಲ ಹೇಳಿದೆ. ನರ, ಸ್ನಾಯು, ಐಸು. ಹೇಳುತ್ತಾ ಹೇಳುತ್ತಾ ಅವನ ಮುಖವನ್ನೇ ನೋಡುತ್ತಿದ್ದೆ, ಎಲ್ಲಿ ನಾಚಿಕೆ ಬರುತ್ತದೆ, ಎಲ್ಲಿ ತಪ್ಪಾಯಿತು ಅನ್ನುತ್ತಾನೆ ಅಂತ.

"ವಾಸಿಯಾಯ್ತದಾ?" ಅಂದ.

"ಮಾತ್ರೆ ನುಂಗ್ತಾ ಇರ್ಬೇಕು."

"ಯಾವಾಗ್ಲೂವಾ?"

"ಈಗ ಹೇಳಾಕಾಗಲ್ಲ ಅಂದ್ರು. ಕೈಕಾಲಿಗೂ ಬರ್ಬೋದಂತೆ. ಬರ್ದೇನೂ ಇರ್ಬೋದು."

ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಇದು ಅಮ್ಮಂಗೆ ತಿಳಿಯೋದು ಬ್ಯಾಡ. ಮೈಗಳ್ಳತನ ಅಂದ್ರೆ ನಾಕು ಬೈದು ಸುಮ್ಕಾಗ್ತಾಳೆ. ರೋಗ ಅಂದ್ರೆ ಬುಡಲ್ಲ. ನಾಟಕ ಆಡ್ದೆ ಅಂತ್ಲೇ ಹೇಳ್ಬುಡು. ಮಾತ್ರೇನ ನಾನೇ ತಂದ್ಕೊಡ್ತೀನಿ, ಕಾಣ್ದಂಗೆ ನುಂಗು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ತಲೆ ಗಿರ್ರೆಂದಿತು. ಇಷ್ಟು ಕಾಲ ನಾಟಕವಲ್ಲ ಅಂತ ಹೇಳಲು ಬೀದಿಬೀದಿ ಅಲೆದವಳು ಈಗ ಗಂಡನ ಮನೆಗೆ ಹೋಗಬೇಕಾದರೆ ನಾಟಕವೇ ಅಂತ ಹೇಳಬೇಕು. ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೂ ಎಲ್ಲ ಕೇಳಿಸಿತ್ತು. ಅವಳು ಹೊರಗೆ ಬಂದು ನನ್ನ ಭುಜ ಅಲುಗಾಡಿಸಿದಳು.

"ಹೇಳ್ಬುಡೇ. ಒಂದ್ ಮಾತು ತಾನೆ. ಮನೆ ಉಳೀತದೆ."

ಹೇಳಿಬಿಡಲಾ ಅಂತ ಯೋಚಿಸಿದೆ. ನಿಜವಾಗಿ ಯೋಚಿಸಿದೆ. ಅವನು ಬೇಕಿತ್ತು, ಮಗ್ಗದ ಕೋಣೆ ಬೇಕಿತ್ತು. ಆದರೆ ಒಂದು ಸಂಜೆ ಮಾತ್ರೆಯ ಕಸುವು ಇಳಿದು ರೆಪ್ಪೆ ಬಿದ್ದರೆ? ಗಂಟಲು ಕಟ್ಟಿ ತುತ್ತು ಇಳಿಯದೆ ಹೋದರೆ? ಒಪ್ಪಿಕೊಂಡ ಕಳ್ಳಿಯ ಮಾತನ್ನು ಆಗ ಯಾರು ನಂಬುತ್ತಾರೆ? ನೀರು ಕೊಡುವವರೂ ಇರುವುದಿಲ್ಲ, ನೋಡು ಮತ್ತೆ ಶುರುಮಾಡಿದಳು ಅಂತ ನಗುತ್ತಾ ನಿಂತಿರುತ್ತಾರೆ.

"ನಾನು ಸಾಯೋವಾಗ್ಲೂ ಆಟ ಆಡ್ತಾವ್ಳೆ ಅಂತೀರ" ಅಂದೆ. "ಕರ್ಕೊಂಡು ಹೋಗೋದಾದ್ರೆ ಕಾಯ್ಲೆಯವ್ಳು ಅಂತ ಹೇಳಿ ಕರ್ಕೊಂಡು ಹೋಗು. ಇಲ್ದಿದ್ರೆ ಬ್ಯಾಡ."

"ನೀನು ಒಂದೂ ಅರ್ಥ ಮಾಡ್ಕೊಳಲ್ಲ" ಅಂದ. ಎದ್ದ. "ಅಮ್ಮನ್ ಹತ್ರ ಮಾತಾಡಿ ಫೋನ್ ಮಾಡ್ತೀನಿ" ಅಂತ ಪಾವಗಡದ ಬಸ್ಸಿಗೆ ಹೋದ. ಹೂವನ್ನು ಅಮ್ಮ ದೇವರಿಗೆ ಏರಿಸಿದಳು.

ಮಾತಾಡಿದ, ಅದಂತೂ ನಿಜ. ಫೋನು ಬರಲಿಲ್ಲ. ಕೆಲವು ದಿನಗಳ ಮೇಲೆ ನನ್ನ ಬಟ್ಟೆಯ ಟ್ರಂಕು, ನನ್ನ ಹಾಸಿಗೆ, ಮದುವೆಯಲ್ಲಿ ಅಮ್ಮ ಕೊಟ್ಟ ಹಂಡೆ ಎಲ್ಲ ಒಂದು ಟೆಂಪೋದಲ್ಲಿ ಬಂದವು. ಜೊತೆಗೆ ಬಂದ ಗಂಡನ ಮನೆಯ ಹಿರಿಯರೊಬ್ಬರು ಕೂತುಕೊಳ್ಳಲೂ ಒಪ್ಪದೆ ಬಾಗಿಲಲ್ಲೇ ನಿಂತು ಅತ್ತೆಯ ಮಾತನ್ನು ಒಪ್ಪಿಸಿದರು. ಅವಳಿಗೆ ಮದುವೆಯ ದಿನವೇ ಅನುಮಾನವಿತ್ತಂತೆ, ಹುಡುಗಿಯ ಕಣ್ಣಲ್ಲಿ ಏನೋ ಇದೆ ಅಂತ. ರೋಗವನ್ನು ಮುಚ್ಚಿಟ್ಟು ಹೆಣ್ಣು ಕೊಟ್ಟಿರಂತೆ. ಅಮ್ಮ ಅಲ್ಲೇ ಕುಸಿದು ಕೂತು ಅತ್ತಳು. ನಾನು ಹಂಡೆ ಒಳಗಿಟ್ಟು ಬಂದೆ.

ನನಗೆ ಅಳು ಬರಲಿಲ್ಲ. ಡಾಕ್ಟರುಗಳಿಗೆ ಬೆಳಕು ಬೇಕಿತ್ತು, ಐಸು ಬೇಕಿತ್ತು, ರಕ್ತ ಬೇಕಿತ್ತು. ಗಂಡನಿಗೆ ಅಷ್ಟೆಲ್ಲ ಹೇಳಿದ ಮೇಲೂ ಅರೆಮನಸ್ಸು. ನನ್ನ ಕಾಯಿಲೆಯನ್ನು ಒಂದೇ ಮಾತಿಗೆ, ಒಂದೂ ಪ್ರಶ್ನೆ ಕೇಳದೆ, ನಿಜ ಅಂತ ನಂಬಿದವಳು ಅತ್ತೆ.